ತೂಬಿನ ಮೇಲಿನ ತಟ್ಟೆ

"ಗುರುಗಳೇ, ನೆರೆಸೀಮೆಯ ದೊರೆ ಮಹಾ ಕ್ರೂರಿ. ಅಲ್ಲಿನ ಪ್ರಜೆಗಳೇ ನನ್ನನ್ನು ಕರೆಯುತ್ತಿದ್ದಾರೆ. ದಂಡು ಕಳಿಸಿ ಅವನನ್ನು ಇಳಿಸಿದರೆ ತಪ್ಪೇನು?" ಎಂದು ಯುವರಾಜ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಒಬ್ಬನೇ ಮಗನನ್ನು ಆ ಸೀಮೆಯ ದೊರೆ ಆನೆಯ ಕಾಲಿಗೆ ಹಾಕಿಸಿದ್ದ. ರೈತ ಗಡಿ ದಾಟಿ ಹೋಗಿ ಪಕ್ಕದ ರಾಜನ ಕಾಲು ಹಿಡಿದ. ದಂಡು ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ದೊರೆಯ ಕೈಗೆ ಬೇಡಿ ಬಿತ್ತು. ಊರಿಗೆ ಊರೇ ಕುಣಿಯಿತು. ಶಿಕ್ಷೆ ಸಾರುತ್ತಿದ್ದ ನಗಾರಿ ಇನ್ನೂ ಕೋಟೆ ಬಾಗಿಲಲ್ಲಿತ್ತು. ರೈತನೇ ಕೊಡಲಿ ಎತ್ತಿ ಅದನ್ನು ಸೀಳಿಹಾಕಿದ.

ಆದರೆ ಕೆರೆ ನೀರಿನ ಸರದಿ ಸಾರುತ್ತಿದ್ದುದೂ ಅದೇ ನಗಾರಿ. ಬೆಳಿಗ್ಗೆ ಮೊಳಗಿದರೆ ಮೇಲ್ಗದ್ದೆಯವರಿಗೆ ನೀರು, ಮಧ್ಯಾಹ್ನ ಮೊಳಗಿದರೆ ಕೆಳಗದ್ದೆಯವರಿಗೆ. ಸಂಭ್ರಮದಲ್ಲಿ ಇದು ಯಾರಿಗೂ ನೆನಪಾಗಲಿಲ್ಲ. ಅಲ್ಲಿಂದ ಮುಂದೆ ಒಬ್ಬರು ಸರದಿ ಕೂಗಿದರೆ ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಮೇಲ್ಗದ್ದೆಯವರು ನೀರನ್ನು ಕೆಳಕ್ಕೆ ಬಿಡದೆ ಹೋದರು. ಬಂದಿದ್ದ ದಂಡಿನ ಸೇನಾಪತಿ ತನಗೆ ಜೈ ಎಂದ ಮೇಲ್ಗದ್ದೆಯವರಿಗೇ ಈಟಿ ಹಂಚಿ, ಬಂದ ಕೆಲಸ ಮುಗಿಯಿತೆಂದು ಹೊರಟುಹೋದ. ಹೆಣಗಳು ಬಿದ್ದವು.

ಕೆಳಗದ್ದೆಯವರು ರೈತನ ಮನೆಗೆ ಬಂದರು. ಅವನೂ ಕೆಳಗದ್ದೆಯವನೇ. "ನಮಗೂ ಒಂದು ದಂಡು ಕರ್ಕೊಂಡು ಬಾರಪ್ಪ" ಎಂದರು.

"ಬಂದೋರು ದೊರೇನ ಹೊತ್ಕೊಂಡು ಹೋದ್ರು, ಜಗಳಾನ ಇಲ್ಲೇ ಬಿಟ್ಟು ಹೋದ್ರು. ಅದನ್ನ ಹೊತ್ಕೊಂಡು ಹೋಗೋ ದಂಡು ಯಾವ ರಾಜನ ಹತ್ರಾನೂ ಇಲ್ಲ ಕಣ್ರಪ್ಪಾ" ಎಂದ ರೈತ.

ಮರುದಿನ ಬೆಳಿಗ್ಗೆ ಅವನು ಮಗ ಉಣ್ಣುತ್ತಿದ್ದ ಕಂಚಿನ ತಟ್ಟೆ ಹಿಡಿದು ಕೆರೆಯ ತೂಬಿನ ಮೇಲೆ ಕುಳಿತ. ಮೊದಲು ಮೇಲ್ಗದ್ದೆಯವರ ಸರದಿಗೇ ಬಾರಿಸಿದ. ತನ್ನವರೇ ಅವನ ಮುಖಕ್ಕೆ ಉಗಿದರು. ಮಧ್ಯಾಹ್ನ ಮತ್ತೆ ಬಾರಿಸಿದ. ನೀರು ಕೆಳಕ್ಕೆ ಬರಲಿಲ್ಲ. ಒಂದು ದಿನ ಯಾರೋ ಎಸೆದ ಈಟಿ ಅವನ ಬಲಗೈಯನ್ನು ಶಾಶ್ವತವಾಗಿ ಕೆಡಿಸಿತು. ಎಡಗೈಯಲ್ಲಿ ಬಾರಿಸಿದ. ಎಂಥ ಗಟ್ಟಿ ಎದೆ ಅವನದು! ಆಣೆ ಹಾಕಿಸಲಿಲ್ಲ, ಬುದ್ಧಿ ಹೇಳಲಿಲ್ಲ, ಸರದಿಯನ್ನು ತಪ್ಪಿಸಲೂ ಇಲ್ಲ. ಅವನ ತಲೆಗೂದಲೆಲ್ಲ ಬೆಳ್ಳಗಾದ ಮೇಲೆ ಒಂದು ಮಧ್ಯಾಹ್ನ ತಟ್ಟೆಯ ಸದ್ದಿಗೆ ಮೇಲ್ಗದ್ದೆಯ ವಿಧವೆಯೊಬ್ಬಳು ಎದ್ದು ಬಂದು, ತನ್ನ ಗದ್ದೆಗೆ ನೀರು ಹರಿಯುವ ಮಡೆ ಮುಚ್ಚಿ ನೀರನ್ನು ಕೆಳಕ್ಕೆ ತಿರುಗಿಸಿದಳು. ರೈತ ಮಗುವಿನಂತೆ ಅತ್ತ.

ಯುವರಾಜನ ಕಣ್ಣೂ ತುಂಬಿತ್ತು. "ಇಂಥವರ ಸಲುವಾಗಿಯಾದರೂ ನಾನು ದಂಡು ಕಳಿಸಬೇಕಲ್ಲವೇ?" ಎಂದ.

"ಕಳಿಸು, ಆದರೆ ದಂಡು ಹಿಂದಿರುಗಿದ ಮೇಲೆ ಆಯುಸ್ಸಿಡೀ ಅಲ್ಲಿನ ತೂಬಿನ ಮೇಲೆ ಕೂರಲು ನಿನ್ನ ಕಡೆಯವರು ಯಾರು ಉಳಿಯುತ್ತಾರೆ, ಅಷ್ಟು ಹೇಳಿ ಹೋಗು" ಎಂದರು ಗುರುಗಳು.