ನಾಲ್ಕನೆಯ ಕವಣೆಕಲ್ಲು

ಹೊಳೆದಂಡೆಯ ಮಠದ ಜೋಳದ ಹೊಲವನ್ನು ಗಿಳಿಗಳಿಂದ ಕಾಯುವ ಕೆಲಸ ಶಿಷ್ಯ ಮುರಿಗೆಯ್ಯನದು. ಕವಣೆಗಿಡುವ ಪ್ರತಿ ಕಲ್ಲಿಗೂ ವಿಭೂತಿ ಹಚ್ಚಿ, ಯಾವ ಜೀವಕ್ಕೂ ತಾಗದಿರಲಿ ಎಂದು ಬೇಡಿಕೊಂಡು ಬೀಸುವುದು ಅಲ್ಲಿನ ರೂಢಿ.

ಒಂದು ಬೆಳಿಗ್ಗೆ ಅವನು ಗಂಟು ಕಟ್ಟಿಕೊಂಡು ಬಂದು ಗುರುಗಳ ಪಾದ ಮುಟ್ಟಿದ.

"ಅಪ್ಪಣೆ ಕೊಡಿ ಬುದ್ಧಿ, ಹೋಗುತ್ತೇನೆ."

"ಗಂಟಿನಲ್ಲಿ ಏನಿದೆ?"

"ಒಂದು ಪಂಚೆ."

"ಅಷ್ಟೇ ಆಗಿದ್ದರೆ ನಿನ್ನ ಬೆನ್ನು ಇಷ್ಟು ಬಾಗುತ್ತಿರಲಿಲ್ಲ."

ಆಗ ಅವನು ಎಲ್ಲ ಹೇಳಿದ. ಮೂರು ದಿನದ ಹಿಂದೆ ಅಟ್ಟಣೆಯ ಮೇಲೆ ನಿಂತು ಕವಣೆ ತಿರುಗಿಸುವಾಗ ಹಗ್ಗದ ತುದಿ ಬೆರಳಿನಿಂದ ಜಾರಿತ್ತು. ಆ ಗಳಿಗೆಯಲ್ಲಿ ಕಲ್ಲು ಕಾಲುದಾರಿಯ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಅಡುಗೆಯ ಹೊನ್ನವ್ವ ಅದೇ ದಾರಿಯಲ್ಲಿ ಹಣೆ ಒಡೆದುಕೊಂಡು ಬಿದ್ದಿದ್ದಳು. ಹೇಗೆ ಬಿದ್ದೆನೆಂಬುದು ಅವಳಿಗೇ ನೆನಪಿರಲಿಲ್ಲ. ಮುರಿಗೆಯ್ಯನಿಗೆ ಮಾತ್ರ ಅನುಮಾನವಿರಲಿಲ್ಲ.

"ತಿರುಗುವ ಕಲ್ಲು ಹೊರಗೆ ಜಗ್ಗುತ್ತಿರುತ್ತದೆ, ಬುದ್ಧಿ. ಬಿಟ್ಟರೆ ನೇರ ಹೊರಕ್ಕೇ ಹಾರುತ್ತದೆ."

ಗುರುಗಳು ಎದ್ದು ಕಾಲುದಾರಿಗೆ ನಡೆದರು. ಹೊನ್ನವ್ವ ಬಿದ್ದಿದ್ದ ಜಾಗದಲ್ಲಿ ಒಂದು ಕೋಲು ನೆಟ್ಟು, ಅದಕ್ಕೆ ಹಳೆಯ ಮಡಕೆ ಬೋರಲು ಹಾಕಿದರು. ಮುರಿಗೆಯ್ಯನಿಗೆ ಅಟ್ಟಣೆ ಹತ್ತಿ ಅಂದಿನಂತೆಯೇ ತಿರುಗಿಸಲು, ಕಲ್ಲು ಮಡಕೆಯ ಕಡೆಗೆ ಬಂದಾಗ ಬಿಡಲು ಹೇಳಿದರು.

ಜಗಲಿಯ ಮೇಲೆ, ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಹೊನ್ನವ್ವ ನಕ್ಕಳು. ಮೂರು ದಿನದಿಂದ ನೆಟ್ಟಗೆ ಉಣ್ಣದವನು ಮಡಕೆ ಒಡೆದಾನೆಯೇ ಎಂದಳು.

ಮುರಿಗೆಯ್ಯ ಮೂರು ಕಲ್ಲಿಗೆ ವಿಭೂತಿ ಹಚ್ಚಿ ಮೂರು ಸಲ ಬೀಸಿದ. ಮಡಕೆ ಅಲುಗಲಿಲ್ಲ. ಮೂರೂ ಕಲ್ಲುಗಳು ದಾರಿಯನ್ನು ಒಂದು ಬದಿಗೆ ಬಿಟ್ಟು, ಹೊಳೆಯ ಮರಳಿನತ್ತ ಹಾರಿದವು. ಆ ಕಡೆಗೆ ಯಾರೂ ಎಂದೂ ಕವಣೆ ಬೀಸುವವರಲ್ಲ.

"ಹೋಗಿ ಹೆಕ್ಕಿಕೊಂಡು ಬಾ."

ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನ ಅಂಗೈಯಲ್ಲಿ ವಿಭೂತಿ ಹಚ್ಚಿದ ಕಲ್ಲುಗಳು ನಾಲ್ಕಿದ್ದವು; ಒಂದರ ವಿಭೂತಿ ಮೂರು ದಿನದ ಬಿಸಿಲಿಗೆ ಮಾಸಿತ್ತು.

ಅವನು ನೆಲದ ಮೇಲೆ ಕುಸಿದು ಕೂತ. ಮೂರು ದಿನದಿಂದ ಬಿಗಿಹಿಡಿದಿದ್ದ ಉಸಿರು ಅಳುವಾಗಿ ಹೊರಬಂತು. ಅತ್ತು ಮುಗಿದ ಮೇಲೆ ಕೇಳಿದ:

"ಆದರೂ ಬುದ್ಧಿ, ಅದು ನನ್ನ ಕೈಯನ್ನು ಹೊರಗೆ ಜಗ್ಗಿದ್ದು ಸುಳ್ಳೇ?"

"ಜಗ್ಗಿದವನು ನೀನು. ಕಲ್ಲಿಗೆ ನೆಟ್ಟಗೆ ಹೋಗುವುದೊಂದೇ ಗೊತ್ತು. ನೀನು ಒಳಗೆಳೆದೆ, ಅದು ಸುತ್ತಿತು. ನೀನು ಬಿಟ್ಟೆ, ಆ ಗಳಿಗೆಯಲ್ಲಿ ಎತ್ತ ಹೊರಟಿತ್ತೋ ಅತ್ತಲೇ ಹೋಯಿತು."

ಒಳಗಿನಿಂದ ಹೊನ್ನವ್ವ, ಗಂಜಿ ಆರುತ್ತಿದೆ ಎಂದು ಕೂಗಿದಳು. ಮುರಿಗೆಯ್ಯ ಗಂಟಿನ ಕಡೆ ನೋಡಿ ನಾಚಿಕೊಂಡ.

"ಈ ಮೂರು ದಿನ ಮಠವೇ ನನ್ನನ್ನು ಹೊರಗೆ ತಳ್ಳುತ್ತಿದೆ ಅನಿಸಿತ್ತು, ಬುದ್ಧಿ."

ಗುರುಗಳು ಗಂಟನ್ನು ಬಿಚ್ಚಿ ಪಂಚೆಯನ್ನು ಹಗ್ಗದ ಮೇಲೆ ಹರವಿದರು.

"ತಳ್ಳಿದವರು ಯಾರೂ ಇಲ್ಲ, ಮರಿ. ನಿನ್ನನ್ನು ಒಳಗೆ ಹಿಡಿದುಕೊಂಡಿದ್ದ ಕೈಯೇ ನಿನಗೆ ಹಾಗೆ ಕಂಡಿತು."