ಜೀಕಿಯ ಎದೆಬಡಿತ, ನರಿಯ ವೈದ್ಯ

ಒಂದು ಕಾಡಿನಲ್ಲಿ ಕಪ್ಪು ಮೂತಿಯ ಮುಸುವಗಳಿಗೂ ಚುಕ್ಕೆ ಜಿಂಕೆಗಳಿಗೂ ಹಳೆಯದೊಂದು ಒಪ್ಪಂದವಿತ್ತು. ಬೆಳಗಾದರೆ ಒಂದು ಮುಸುವ ಮತ್ತಿಮರದ ತುದಿಗೆ ಹತ್ತಿ, ಕೆಳಕ್ಕೊಂದು ಚಿಗುರು ಉದುರಿಸಬೇಕು. ‘ನಾನು ಕಾವಲಿದ್ದೇನೆ, ನೀವು ಮೇಯಿರಿ’ ಅಂತ ಅದರ ಅರ್ಥ. ಚಿಗುರು ಬಿದ್ದ ಮೇಲೆಯೇ ಜಿಂಕೆಗಳು ತಲೆ ತಗ್ಗಿಸುತ್ತಿದ್ದವು. ಚಿರತೆ ಕಂಡರೆ ಮೇಲಿನವರು ಕೂಗಬೇಕು, ಕೆಳಗಿನವರು ಓಡಬೇಕು.

ಅವತ್ತಿನ ಕಾವಲು ಜೀಕಿಯದು. ಜೀಕಿ ಎಳೆಯ ಮುಸುವ, ಕೊಂಬೆಯಿಂದ ಕೊಂಬೆಗೆ ಹಾರುವುದರಲ್ಲಿ ಎತ್ತಿದ ಕೈ. ಆದರೆ ಮೊದಲ ಸಲದ ಕಾವಲು ನೋಡಿ, ಬೆಳಗ್ಗೆಯಿಂದ ಎದೆ ಡವಡವ. ಅತ್ತಿಹಣ್ಣೂ ರುಚಿಸಲಿಲ್ಲ.

ಇದನ್ನು ಪೊದೆಯ ಸಂದಿಯಿಂದ ನರಿ ನೋಡಿತು. ಚಿರತೆ ತಿಂದು ಬಿಟ್ಟ ಮೂಳೆ ನೆಕ್ಕಿ ಹೊಟ್ಟೆ ಹೊರೆಯುವ ಪ್ರಾಣಿ ಅದು. ಮಾತು ಮಾತ್ರ ಬೆಣ್ಣೆ.

“ಏನಮ್ಮಾ ಜೀಕಿ, ಕೈ ನಡುಗ್ತಾ ಇದೆಯಲ್ಲ? ಕೊಡು, ನಾಡಿ ನೋಡ್ತೀನಿ. ಕರಡಿ ವೈದ್ಯರ ಹತ್ತಿರವೇ ಕಲಿತವನು ನಾನು.”

ಕೈ ಕೊಡುವಷ್ಟು ಪೆದ್ದಿಯಲ್ಲ ಜೀಕಿ. ಕೂತಿದ್ದ ಕೆಳಗಿನ ಕೊಂಬೆಯಿಂದ ಬಾಲ ಇಳಿಬಿಟ್ಟಳು. ಬಾಲದಲ್ಲಿ ನಾಡಿ ಎಲ್ಲಿರುತ್ತದೋ ದೇವರೇ ಬಲ್ಲ. ನರಿ ಮಾತ್ರ ಅದನ್ನೇ ಹಿಡಿದು, ಕಣ್ಣು ಮುಚ್ಚಿ ತಲೆಯಾಡಿಸಿತು.

“ಅಯ್ಯೋ ಪಾಪ, ಇದು ನಡುಕದ ರೋಗ. ಹೀಗಿರುವಾಗ ಕಾವಲು ಕೂರೋದುಂಟೆ? ಚಿಗುರೊಂದು ಉದುರಿಸಿಬಿಡು, ಜಿಂಕೆಗಳಿಗೆ ಬೇಜಾರಾಗಬಾರದು. ಆಮೇಲೆ ಹಳ್ಳದಾಚೆ ಹೋಗಿ ಮಲಗು. ನಡುಕ ನಿಂತ ಮೇಲೆ ಬಂದರಾಯಿತು.”

ಜೀಕಿಗೆ ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ನಿರಾಳವೂ ಆಯಿತು. ಮರದ ತುದಿಗೆ ಹತ್ತಿ ಚಿಗುರು ಉದುರಿಸಿದಳು. ಜಿಂಕೆಗಳು ಮರಿಗಳನ್ನು ಕಟ್ಟಿಕೊಂಡು ಬಯಲಿಗೆ ಬಂದು ಮೇಯತೊಡಗಿದವು. ಜೀಕಿ ಕೆಳಗಿಳಿಯತೊಡಗಿದಳು.

ಮರದ ಕವಲಿನಲ್ಲಿ ಬೂದತ್ತೆ ಕೂತಿದ್ದಳು. ಹೋದ ಬೇಸಿಗೆಯ ಕಾಡ್ಗಿಚ್ಚಿನಿಂದ ಪಾರಾಗಿ ಬಂದ ಮುದಿ ಮುಸುವ. ಅಲ್ಲಿಂದೀಚೆಗೆ ಅವಳಿಗೆ ನಿದ್ದೆಯಿಲ್ಲ. ಮಳೆ ಸುರಿಯುವಾಗಲೂ ಹೊಗೆಯ ವಾಸನೆ ಹುಡುಕುತ್ತಿದ್ದಳು. ಇದೇ ನರಿ ಅವಳಿಗೆ “ನಿನಗೇನಾಗಿದೆ ಧಾಡಿ, ಗುಂಡುಕಲ್ಲಿನ ಹಾಗಿದ್ದೀಯ” ಎಂದು ನಕ್ಕಿತ್ತು.

“ಎಲ್ಲಿಗೆ ಹೊರಟೆ?” ಎಂದಳು ಬೂದತ್ತೆ.

“ನಂಗೂ ನಿನ್ನ ಕಾಯಿಲೆ ಬಂದಿದೆ ಅತ್ತೆ. ನರಿ ನಾಡಿ ನೋಡಿ ಹೇಳಿತು.”

“ಯಾವಾಗಿಂದ?”

“ಬೆಳಗ್ಗೆಯಿಂದ. ಕಾವಲು ನೆನೆಸಿಕೊಂಡಾಗ.”

“ನಿನ್ನೆ?”

“ನಿನ್ನೆ ಏನಿಲ್ಲ. ಹೊಟ್ಟೆ ಬಿರಿಯೆ ತಿಂದು ಮಲಗಿದ್ದೆ.”

ಎಷ್ಟೋ ದಿನದ ಮೇಲೆ ಬೂದತ್ತೆಗೆ ನಗು ಬಂತು. “ಹುಚ್ಚಿ, ಹೊಸ ಕೆಲಸಕ್ಕೆ ಕೈ ಹಾಕಿದಾಗ ಎದೆ ಹೊಡ್ಕೊಳ್ಳುತ್ತೆ. ಕೆಲಸ ಮುಗಿದರೆ ಅದೂ ಹೊರಟುಹೋಗುತ್ತೆ. ನಂದು ಹಾಗಲ್ಲ. ಬೆಂಕಿ ಆರಿದರೂ ನನ್ನ ಭಯ ಆರಲಿಲ್ಲ. ಊಟ ಬಿಡಿಸಿತು, ನಿದ್ದೆ ಬಿಡಿಸಿತು, ನಿಮ್ಮ ಜೊತೆ ಆಡೋದನ್ನೂ ಬಿಡಿಸಿತು. ನೀನು ಹೋಗು, ನಡುಗ್ತಾನೇ ಕೂತ್ಕೋ.”

ಜೀಕಿ ಕೆಳಗೆ ನೋಡಿದಳು. ಒಂದು ಜಿಂಕೆಮರಿ ಅವಳೇ ಉದುರಿಸಿದ ಚಿಗುರನ್ನು ಮೆಲ್ಲುತ್ತಿತ್ತು. ಅವಳ ಕರುಳು ಚುರ್ ಎಂದಿತು. ಒಂದೇ ಉಸಿರಿಗೆ ತುದಿಗೇರಿದಳು.

ಏರಿ ನೋಡಿದರೆ ಏನು? ಹುಲ್ಲಿನ ನಡುವೆ ನರಿ ಮುಂದೆ, ಚಿರತೆ ಹಿಂದೆ. ನೆಂಟರನ್ನು ಊಟಕ್ಕೆ ಕರೆತರುವ ಹಾಗೆ ನರಿ ದಾರಿ ತೋರಿಸುತ್ತಿತ್ತು. ಜೀಕಿ ಕೂಗಿದಳು. ದನಿ ನಡುಗಿತು. ನಡುಗಿದರೇನು, ಕಾಡಿಗೆಲ್ಲ ಕೇಳಿಸಿತು. ಜಿಂಕೆಗಳು ಮರಿಗಳ ಸಮೇತ ಪರಾರಿಯಾದವು.

ಚಿರತೆ ನರಿಯತ್ತ ತಿರುಗಿತು. “ಮೇಲೆ ಯಾರೂ ಇಲ್ಲ ಅಂದೆಯಲ್ಲೋ?”

“ಧಣಿ, ಅವಳಿಗೆ ನಡುಕದ ರೋಗ...”

“ಮತ್ತೆ ನಿನ್ನ ಕಾಲು ಯಾಕೆ ನಡುಗ್ತಿದೆ?”

ನರಿ ಕಾಲಿಗೆ ಬುದ್ಧಿ ಹೇಳಿತು. ಓಡಿದ್ದೇ ಓಡಿದ್ದು, ಆದರೂ ಬಾಲದ ತುದಿ ಚಿರತೆಯ ಬಾಯಲ್ಲೇ ಉಳಿಯಿತು. ಬಾಲದಲ್ಲಿ ನಾಡಿ ಇಲ್ಲದಿದ್ದರೂ ನೋವು ಇದೆ ಅಂತ ನರಿ ಪಂಡಿತರಿಗೆ ಅವತ್ತು ಗೊತ್ತಾಯಿತು.

ಸಂಜೆಯ ಹೊತ್ತಿಗೆ ಜೀಕಿಯ ಎದೆಬಡಿತ ತಾನಾಗಿ ಇಳಿದಿತ್ತು. ಬೂದತ್ತೆ ಮಾತ್ರ ಇನ್ನೂ ಗಾಳಿಯಲ್ಲಿ ಹೊಗೆ ಹುಡುಕುತ್ತಿದ್ದಳು. ಜೀಕಿ ಅವಳ ಕೈ ಹಿಡಿದಳು.

“ನಡಿ ಅತ್ತೆ, ನಿಜವಾದ ಕರಡಿ ವೈದ್ಯರ ಹತ್ತಿರ ಹೋಗೋಣ.”

“ನಂಗೆ ಭಯವಾಗುತ್ತೆ ಕಣೇ.”

“ಆಗಲಿ. ನಡುಗ್ತಾನೇ ನಡಿ. ನಾನಿದ್ದೀನಲ್ಲ.”

ನೀತಿ: ಕೆಲಸದ ಜೊತೆ ಬಂದು ಕೆಲಸದ ಜೊತೆಗೇ ಹೋಗುವ ಅಂಜಿಕೆಗೆ ಹಿಂಜರಿಯಬಾರದು; ಆದರೆ ಕಾರಣ ಹೋದರೂ ತಾನು ಹೋಗದೆ ಊಟ, ನಿದ್ದೆ ಕಸಿಯುವ ಆತಂಕವನ್ನು ಮುಚ್ಚಿಡದೆ ಬಲ್ಲವರಿಗೆ ತೋರಿಸಬೇಕು.