ಹಳದಿ ದೀಪ, ಪೂಜೆಯ ಹಾರ

“ಗುರುಗಳೇ, ಹೋದ ಹೋದ ಊರಲ್ಲಿ ಜನ ನನ್ನ ಪ್ರವಚನ ಕೇಳಿ ಕೈಮುಗಿಯುತ್ತಾರೆ. ನಮ್ಮ ಮಠದ ಅಡುಗೆಯ ಸಾವಂತ್ರವ್ವ ಒಬ್ಬಳೇ ನನ್ನನ್ನು ಕಂಡಾಗಲೆಲ್ಲ ಏನಾದರೊಂದು ತಪ್ಪು ಎತ್ತುತ್ತಾಳೆ. ಅವಳ ಬಾಯಿ ಮುಚ್ಚಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಸಭೆಯಲ್ಲಿ ಹಾಕಿದ ಹಾರ ಇನ್ನೂ ಅವನ ಕೊರಳಲ್ಲೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ರಕ್ತನಿಧಿಯಲ್ಲಿ ಒಂದು ಸರ್ವರ್ ಇತ್ತು. ಯಾರದು ಯಾವ ರಕ್ತ, ಅವರು ಎಲ್ಲಿ ಸಿಗುತ್ತಾರೆ, ಎಲ್ಲ ಅದರ ಹೊಟ್ಟೆಯಲ್ಲಿ. ಅದರ ಮುಖದ ಮೇಲೊಂದು ಸಣ್ಣ ದೀಪ. ಆರೋಗ್ಯವಾಗಿದ್ದರೆ ಹಸಿರು, ಏನಾದರೂ ಕೆಟ್ಟರೆ ಹಳದಿ. ಕೆಲವು ತಿಂಗಳಿಂದ ಅದು ಹಳದಿಯಾಗಿಯೇ ಮಿನುಗುತ್ತಿತ್ತು. ಎಚ್ಚರಿಕೆ ಬಂದಾಗಲೆಲ್ಲ ಅಲ್ಲಿಯವರು ಪರದೆಯಲ್ಲಿ ‘ಓದಿದ್ದೇನೆ’ ಎಂಬ ಗುಂಡಿ ಒತ್ತಿ, ಓದದೆಯೇ ಚಹಾಕ್ಕೆ ಹೋಗುತ್ತಿದ್ದರು. ಕಾಟ ತೀರಾ ಹೆಚ್ಚಿದಾಗ ಎಚ್ಚರಿಕೆ ಹೆಸರಿಸಿದ ಭಾಗವನ್ನು ಬದಲಿಸಿದರು. ಫ್ಯಾನು ಹೊಸದು ಬಂತು, ಮೆಮೊರಿ ಹೊಸದು ಬಂತು, ಪವರ್ ಸಪ್ಲೈ ಹೊಸದು ಬಂತು. ದೀಪ ಮಾತ್ರ ಹಳದಿಯೇ.

ಕೊನೆಗೊಂದು ಬೆಳಿಗ್ಗೆ ಸರ್ವರ್ ತಾನಾಗಿ ನಿಂತುಹೋಯಿತು. ಮತ್ತೆ ಚಾಲೂ ಮಾಡಿದರೆ ಪೂರ್ತಿ ಏಳುವ ಮೊದಲೇ ನಿಲ್ಲುತ್ತಿತ್ತು. ಅದೇ ದಿನ ಆಸ್ಪತ್ರೆಗೆ ಒಬ್ಬ ತುಂಬು ಬಸುರಿ ಬಂದಳು. ಅವಳದು ಬಹಳ ಅಪರೂಪದ ರಕ್ತ. ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದರು ವೈದ್ಯರು. ಆ ರಕ್ತ ಕೊಡುವವರ ಹೆಸರು ಆ ಸರ್ವರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನೀಲಗಂಗೆ ಎಂಬ ತಂತ್ರಜ್ಞೆಯನ್ನು ಕರೆಸಿದರು. ರಕ್ತನಿಧಿಯ ಅಧಿಕಾರಿ ಬಾಗಿಲಲ್ಲೇ ಕೈಚೆಲ್ಲಿದ: “ಮಷಿನ್‌ಗೆ ವಯಸ್ಸಾಗೇತ್ರಿ. ಎಲ್ಲಾ ಬದಲಿ ಮಾಡೀವಿ, ಇನ್ನೇನೂ ಉಳದಿಲ್ಲ.”

ಬರುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಬಸುರಿಯ ಗಂಡ ತಲೆಮೇಲೆ ಕೈಹೊತ್ತು ಕೂತದ್ದನ್ನು ನೀಲಗಂಗೆ ನೋಡಿದ್ದಳು. ಅವಳಿಗೂ ಒಳಗೊಳಗೇ ಭಯವಿತ್ತು. ಆದರೂ ಅವಸರಪಟ್ಟು ಯಂತ್ರವನ್ನು ಮುಟ್ಟಲಿಲ್ಲ. ಸರ್ವರ್ ನಿಂತರೂ ಅದರ ಎಚ್ಚರಿಕೆಗಳ ಪಟ್ಟಿ ಅಳಿಯುವುದಿಲ್ಲ. ಉಳಿದವರೆಲ್ಲ ಪಟ್ಟಿಯ ಮೇಲಿನ ಸಾಲು ನೋಡಿ ಓಡಿದ್ದರು. ಅವಳು ಪರದೆಯ ಮುಂದೆ ಕೂತು ಪಟ್ಟಿಯ ತಳಕ್ಕಿಳಿದಳು. ನೂರಾರು ಸಾಲುಗಳ ಕೆಳಗೆ ಮೊಟ್ಟಮೊದಲ ಎಚ್ಚರಿಕೆ ಇತ್ತು: ಒಳಗೆ ಬರುವ ಗಾಳಿ ಕಡಿಮೆಯಾಗಿದೆ. ತಾರೀಖು, ಆಯುಧಪೂಜೆಯ ಮಾರನೆಯ ದಿನ.

ಅವಳು ಎದ್ದು ಸರ್ವರಿನ ಎದುರು ನಿಂತಳು. ಅದರ ಮುಂದಿನ ಜಾಲರಿಗೆ ಚೆಂಡುಹೂವಿನ ದಪ್ಪ ಹಾರ ಕಟ್ಟಿತ್ತು, ಒಣಗಿ ಗರಿಗರಿಯಾಗಿತ್ತು.

“ಇದನ್ನ ಯಾಕ ತಗದಿಲ್ರಿ?”

“ಪೂಜಿ ಹಾರ ಐತ್ರಿ. ಮುಂದಿನ ಪೂಜಿ ತನಕ ಯಾರೂ ಮುಟ್ಟಂಗಿಲ್ಲ.”

ಭಾಗ ಬದಲಿಸಿದವರೂ ಹಾರ ಜಾರದ ಹಾಗೆ ಜೋಪಾನವಾಗಿ ಯಂತ್ರವನ್ನು ಹೊರಗೆಳೆದು ಮತ್ತೆ ಒಳಗೆ ತಳ್ಳಿದ್ದರು! ನೀಲಗಂಗೆ ಕೈಮುಗಿದು ಹಾರ ಬಿಚ್ಚಿದಳು. ಫ್ಯಾನುಗಳು ಎಳೆದುಕೊಂಡ ಎಸಳುಗಳು ಜಾಲರಿಯ ಹಿಂದೆ ಚಾಪೆಯಂತೆ ಹೆಣೆದುಕೊಂಡಿದ್ದವು. ಯಂತ್ರ ಮೂಗು ಕಟ್ಟಿಕೊಂಡೇ ಇಷ್ಟು ತಿಂಗಳು ದುಡಿದಿತ್ತು. ಬ್ರಷ್ಷಿನಿಂದ ಎಲ್ಲ ಕೆರೆದು ತೆಗೆದು, ಹೂವನ್ನು ಅಂಗಳದ ಗಿಡದ ಬುಡಕ್ಕೆ ಹಾಕಿ ಬಂದು ಚಾಲೂ ಮಾಡಿದಳು. ಫ್ಯಾನುಗಳು ಒಮ್ಮೆ ಭೋರ್ಗರೆದು ತಣ್ಣಗಾದವು. ದೀಪ ಹಳದಿ, ಹಳದಿ, ಮತ್ತೆ ಹಸಿರು.

“ಗೆದ್ದಿ ತಂಗಿ, ಗೆದ್ದಿ!” ಎಂದು ಅಧಿಕಾರಿ ನಿಂತಲ್ಲೇ ಕುಣಿದ.

ಮೂರು ಹೆಸರು ಸಿಕ್ಕವು. ಒಬ್ಬರು ಪಕ್ಕದ ಬೀದಿಯ ಗಿರಣಿಯವರು. ಹಿಟ್ಟಿನ ಕೈಯಲ್ಲೇ ಓಡಿಬಂದರು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗುವಿನ ಅಳು ಆಸ್ಪತ್ರೆಯ ಮೆಟ್ಟಿಲವರೆಗೂ ಕೇಳಿಸಿತು. ಮಗುವಿನ ಅಪ್ಪ ಕಂಡಕಂಡವರ ಕೈಹಿಡಿದು ಕುಲುಕಿದ. ತಾಯಿಯೂ ಉಳಿದಳು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. “ಆಕೆ ಎಂಥ ಜಾಣೆ ಗುರುಗಳೇ!” ಎಂದ.

“ನಿನ್ನ ಕೊರಳಿನ ಹಾರ ತೆಗೆದಿಟ್ಟು ಹೇಳು, ಸಾವಂತ್ರವ್ವ ನಿನಗೆ ಮೊಟ್ಟಮೊದಲು ಅಂದದ್ದೇನು?” ಎಂದರು ಗುರುಗಳು.

ಶಿಷ್ಯನ ಕೈ ಕೊರಳಿಗೆ ಹೋಯಿತು. ಹಾರ ತೆಗೆದಿಟ್ಟು, ಅದನ್ನೇ ಕೇಳಲು ಅಡುಗೆಮನೆಯ ಕಡೆ ನಡೆದ.